ತಪ್ಪು ಐಎಸ್‌ಒ ಓದುವ ಫಿಲ್ಮ್ ಕ್ಯಾಮೆರಾ: ಕೆಟ್ಟ ಪಿನ್ನನ್ನು ನಾನು ಹಿಡಿಯುವ ಬಗೆ

ಐಎಸ್‌ಒ (ಫಿಲ್ಮ್ ಬೆಳಕಿಗೆ ಎಷ್ಟು ಬೇಗ ಸ್ಪಂದಿಸುತ್ತದೆ ಎಂಬ ವೇಗದ ಅಂಕಿ) 400 ಇರುವ ರೋಲ್ ಹಾಕಿದರೆ ಕ್ಯಾಮೆರಾ ಒಮ್ಮೆ 400 ಎಂದು ತೋರಿಸುತ್ತದೆ, ತೆಗೆದು ಮತ್ತೆ ಹಾಕಿದರೆ 25 ಎನ್ನುತ್ತದೆ. ಇಂಥ ಕ್ಯಾಮೆರಾ ಕೈಗೆ ಬಂದಾಗ ನಾನು ತಕ್ಷಣ ಪಿನ್ನು (ರೋಲಿನ ಮೇಲಿನ ಕೋಡನ್ನು ಮುಟ್ಟಿ ಓದುವ ಲೋಹದ ಮೊನೆ) ಒರೆಸಲು ಹೋಗುವುದಿಲ್ಲ. ಯಾವ ರೋಲಿಗೆ ಯಾವ ತಪ್ಪು ಸಂಖ್ಯೆ ಬಂತೆಂದು ಮೊದಲು ಬರೆದಿಟ್ಟುಕೊಳ್ಳುತ್ತೇನೆ. ಕೈಕೊಟ್ಟ ಪಿನ್ನು ಯಾವುದೆಂದು ಬಹುಪಾಲು ಆ ಸಂಖ್ಯೆಯೇ ಹೇಳಿಬಿಡುತ್ತದೆ.

ಫಿಲ್ಮಿನ ವೇಗವನ್ನು ಕ್ಯಾಮೆರಾಗೆ ತಾನಾಗಿಯೇ ತಿಳಿಸಲು ಕೊಡಾಕ್ 1983ರಲ್ಲಿ ತಂದ ಡಿಎಕ್ಸ್ ಕೋಡ್ 35 ಎಂಎಂ ಕ್ಯಾಸೆಟ್‌ನ (ಫಿಲ್ಮ್ ಸುತ್ತಿಟ್ಟ ಡಬ್ಬಿ) ಮೇಲೆ ಎರಡು ಸಾಲಿನಲ್ಲಿ, ಸಾಲಿಗೆ ಆರರಂತೆ, ಹನ್ನೆರಡು ಚೌಕಗಳಾಗಿರುತ್ತದೆ. ಬೆಳ್ಳಿ ಬಣ್ಣದ್ದು ಬರಿಯ ಲೋಹ, ಅದರಲ್ಲಿ ವಿದ್ಯುತ್ ಹರಿಯುತ್ತದೆ. ಕಪ್ಪು ಬಳಿದ ಚೌಕದಲ್ಲಿ ಹರಿಯುವುದಿಲ್ಲ. ಫಿಲ್ಮ್ ಸುತ್ತಿರುವ ಸ್ಪೂಲ್ ಹೊರಚಾಚಿರುವ ತುದಿ ಎಡಕ್ಕೆ ಬರುವಂತೆ ಹಿಡಿದರೆ ಮೇಲಿನ ಸಾಲು ಫಿಲ್ಮಿನ ವೇಗ, ಕೆಳಗಿನದು ಫ್ರೇಮುಗಳ ಸಂಖ್ಯೆ ಮತ್ತು ಎಕ್ಸ್‌ಪೋಷರ್ ಸಹನೆ (ಬೆಳಕು ಹೆಚ್ಚುಕಡಿಮೆಯಾದರೆ ಫಿಲ್ಮ್ ಎಷ್ಟು ತಾಳುತ್ತದೆ ಎಂಬುದು). ಎರಡೂ ಸಾಲಿನ ಮೊದಲ ಚೌಕ ಯಾವಾಗಲೂ ಬೆಳ್ಳಿ, ಅದು ಗ್ರೌಂಡ್, ಉಳಿದ ಚೌಕಗಳಿಗೆಲ್ಲ ಸಾಮಾನ್ಯ ಸಂಪರ್ಕ. ವೇಗದ ಸಾಲಿನ 2, 3, 4ನೇ ಚೌಕಗಳು ಪೂರ್ತಿ ಸ್ಟಾಪ್‌ಗಳನ್ನು (ಒಂದು ಸ್ಟಾಪ್ ಏರಿದರೆ ವೇಗ ಇಮ್ಮಡಿ) ಹೇಳುತ್ತವೆ: ಮೂರೂ ಕಪ್ಪಾದರೆ 25, ಎರಡನೆಯದು ಬೆಳ್ಳಿಯಾದರೆ ಒಂದು ಸ್ಟಾಪ್ ಏರಿಕೆ, ಮೂರನೆಯದಾದರೆ ಎರಡು, ನಾಲ್ಕನೆಯದಾದರೆ ನಾಲ್ಕು. 5 ಮತ್ತು 6ನೇ ಚೌಕಗಳು ಪೂರ್ತಿ ಸ್ಟಾಪ್‌ಗಳ ನಡುವೆ ಬರುವ ಮೂರನೇ ಒಂದು ಸ್ಟಾಪ್‌ಗಳಿಗೆ. 25, 50, 100, 200, 400ರಂಥ ಪೂರ್ತಿ ಸ್ಟಾಪ್‌ಗಳಲ್ಲಿ ಐದನೆಯದು ಬೆಳ್ಳಿ, ಆರನೆಯದು ಕಪ್ಪು. ಕೈಯಲ್ಲಿರುವ 400ರ ರೋಲನ್ನೇ ನೋಡಿ: ಗ್ರೌಂಡ್ ಆದಮೇಲೆ ಕಪ್ಪು, ಕಪ್ಪು, ಬೆಳ್ಳಿ, ಬೆಳ್ಳಿ, ಕಪ್ಪು.

ಈಗ ಲೆಕ್ಕ ಸುಲಭ, ಯಾವ ಚೌಕವೋ ಅದೇ ಸಂಖ್ಯೆಯ ಪಿನ್ನು. 400 ಹಾಕಿದಾಗ 25 ಬಂದರೆ ನಾಲ್ಕನೇ ಪಿನ್ನು ಮುಟ್ಟುತ್ತಿಲ್ಲ. 100 ಹಾಕಿ 25 ಬಂದರೆ, ಅಥವಾ 200 ಹಾಕಿ 50 ಬಂದರೆ, ಮೂರನೆಯದು. 800 ಹಾಕಿ 400 ಬಂದರೆ ಎರಡನೆಯದು. 400 ಹಾಕಿ 100 ಬಂದರೆ? 2, 3, 4ನೇ ಚೌಕಗಳಲ್ಲಿ ಯಾವುದೊಂದು ತಪ್ಪಿದರೂ 400 ಎನ್ನುವುದು 100 ಆಗಲಾರದು. ಕೋಡ್ ಓದಲಾಗದೆ ಕ್ಯಾಮೆರಾ ತನ್ನ ಪೂರ್ವನಿಗದಿತ 100ಕ್ಕೆ ಹೋಗಿದೆ ಎಂದರ್ಥ. ಆಗ ಗ್ರೌಂಡ್ ಪಿನ್ನನ್ನೋ ಐದನೆಯದನ್ನೋ ನೋಡಬೇಕು. ಒಲಿಂಪಸ್ ಮ್ಯೂ-2 ಕೂಡ ಕೋಡ್ ಸಿಗದಿದ್ದರೆ 100 ಎಂದೇ ಹಿಡಿಯುತ್ತದೆ. ಕೆಲವು ಎಸ್‌ಎಲ್‌ಆರ್‌ಗಳಲ್ಲಿ ಸಂಖ್ಯೆ ಮಿನುಗಿ ಎಚ್ಚರಿಸುತ್ತದೆ. 200ರ ರೋಲ್ 100 ಆದಾಗ ಮಾತ್ರ ಎರಡೂ ಸಾಧ್ಯತೆ ಉಂಟು. 800ರ ಖಾಲಿ ಕ್ಯಾಸೆಟ್ ಹಾಕಿ ನೋಡಿದರೆ ಬಗೆಹರಿಯುತ್ತದೆ. 400 ಬಂದರೆ ಎರಡನೇ ಪಿನ್ನು, 100 ಬಂದರೆ ಗ್ರೌಂಡ್ ಅಥವಾ ಐದನೆಯದು.

ಬರೀ 100 ಮತ್ತು 400ರ ರೋಲ್‌ಗಳಿಂದ ಪರೀಕ್ಷಿಸಿ ಕ್ಯಾಮೆರಾ ಸರಿಯಿದೆ ಎನ್ನಬೇಡಿ. ಎರಡರಲ್ಲೂ ಎರಡನೇ ಚೌಕ ಕಪ್ಪು, ಆ ಪಿನ್ನಿನ ಪರೀಕ್ಷೆಯೇ ಆಗಿರುವುದಿಲ್ಲ. ಆರನೆಯದು ಕೆಟ್ಟರೆ 160ರ ಫಿಲ್ಮ್ 100 ಎಂದು ಓದಲ್ಪಡುತ್ತದೆ. ವ್ಯತ್ಯಾಸ ಸ್ಟಾಪ್‌ನ ಮೂರನೇ ಎರಡು ಭಾಗವಷ್ಟೇ ಆದ್ದರಿಂದ ನೆಗೆಟಿವ್‌ನಲ್ಲಿ ಗೊತ್ತೇ ಆಗುವುದಿಲ್ಲ. ನಾನು ಲ್ಯಾಬ್‌ನಿಂದ 100, 160, 200, 400, 800ರ ಖಾಲಿ ಕ್ಯಾಸೆಟ್‌ಗಳನ್ನು ಕೇಳಿ ತಂದಿಟ್ಟುಕೊಂಡಿದ್ದೇನೆ. ಫಿಲ್ಮ್ ಲೋಡ್ ಆದಮೇಲಷ್ಟೇ ವೇಗ ತೋರಿಸುವ ಕ್ಯಾಮೆರಾಗಳಿಗೆ ಬಲಿ ಕೊಡಲು ಹಳೆಯ ರೋಲ್ ಒಂದು ಬೇಕು.

ಕೊಳೆಯಿಂದಲೋ ಸ್ಪ್ರಿಂಗ್‌ನಿಂದಲೋ ಸಂಪರ್ಕ ತಪ್ಪಿದಾಗ ಓದು ಸಾಮಾನ್ಯವಾಗಿ ಕೆಳಗಿಳಿಯುತ್ತದೆ, ಫಿಲ್ಮಿಗೆ ಬೆಳಕು ಹೆಚ್ಚು ಬೀಳುತ್ತದೆ. ನೆಗೆಟಿವ್ ಎರಡು ಸ್ಟಾಪ್ ತಾಳೀತು, ಸ್ಲೈಡ್ ಫಿಲ್ಮ್ ತಾಳದು. ಓದು ಮೇಲೇರಿದರೆ, 100 ಎನ್ನುವುದು 200 ಆದರೆ, ಕ್ಯಾಸೆಟ್‌ನ ಕಪ್ಪು ಬಣ್ಣ ಕೆರೆದುಹೋಗಿದೆಯೇ ನೋಡಿ. ಮಲ್ಟಿಮೀಟರ್‌ನ ಒಂದು ಕಡ್ಡಿ ಗ್ರೌಂಡ್ ಚೌಕಕ್ಕೆ, ಇನ್ನೊಂದು ಕಪ್ಪು ಚೌಕಕ್ಕೆ ಮೆಲ್ಲಗೆ ಮುಟ್ಟಿಸಿದಾಗ ಬೀಪ್ ಬರಬಾರದು.

ಸ್ವಚ್ಛ ಮಾಡುವಾಗ ಬ್ಯಾಟರಿ ತೆಗೆದಿಡುತ್ತೇನೆ. ಹತ್ತಿಕಡ್ಡಿಗೆ 99 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ, ತೊಟ್ಟಿಕ್ಕದಂತೆ ಹಿಂಡಿ, ಒಂದೊಂದೇ ಪಿನ್ನು ಒರೆಸುತ್ತೇನೆ. ಮರಳುಕಾಗದ ಬೇಡವೇ ಬೇಡ, ಮೇಲಿನ ಲೇಪ ಹೋದರೆ ಪಿನ್ನು ಮತ್ತಷ್ಟು ಬೇಗ ಕಿಲುಬು ಹಿಡಿಯುತ್ತದೆ. ಹಿಂಬಾಗಿಲಿನ ಹಳೆಯ ಸ್ಪಂಜು ಕರಗಿ ಅಂಟಾಗಿದ್ದರೆ ಅದನ್ನೂ ಆಗಲೇ ತೆಗೆಯಬೇಕು, ಇಲ್ಲದಿದ್ದರೆ ಅದೇ ಮತ್ತೆ ಪಿನ್ನಿಗೆ ಬಂದು ಕೂರುತ್ತದೆ. ಷಟರ್ ಪರದೆಗೆ ಕೈ ತಾಗದಿರಲಿ, ಸ್ಪ್ರೇ ಒಳಗೆ ಹೊಡೆಯಬೇಡಿ.

ಆಮೇಲೆ ಹಲ್ಲುಕಡ್ಡಿಯಿಂದ ಪ್ರತಿ ಪಿನ್ನನ್ನೂ ಒತ್ತಿ ಬಿಡಿ. ಎಲ್ಲವೂ ಒಂದೇ ಎತ್ತರಕ್ಕೆ ಪುಟಿದು ಬರಬೇಕು. ಒಳಗೇ ಉಳಿದದ್ದಕ್ಕೆ ಆಲ್ಕೋಹಾಲ್ ಸೋಕಿಸಿ ಹತ್ತಾರು ಬಾರಿ ಒತ್ತಿ ಬಿಟ್ಟರೆ ಸಾಮಾನ್ಯವಾಗಿ ಸಡಿಲವಾಗುತ್ತದೆ. ಪಿನ್ನುಗಳೆಲ್ಲ ಚೊಕ್ಕವಾಗಿದ್ದೂ ಓದು ಆಗೊಮ್ಮೆ ಈಗೊಮ್ಮೆ ತಪ್ಪುತ್ತಿದ್ದರೆ, ಹಿಂಬಾಗಿಲಲ್ಲಿ ಕ್ಯಾಸೆಟ್ ಅನ್ನು ಪಿನ್ನುಗಳ ಕಡೆಗೆ ಒತ್ತುವ ಪಟ್ಟಿ ಸೋತಿರಬಹುದು. ಮಡಿಸಿದ ಕಾಗದದ ತುಂಡೊಂದನ್ನು ಕ್ಯಾಸೆಟ್ ಮತ್ತು ಬಾಗಿಲ ನಡುವೆ ಇಟ್ಟು ಮುಚ್ಚಿ. ಓದು ಸ್ಥಿರವಾದರೆ ದೋಷ ಅಲ್ಲೇ ಇದೆ, ಪಟ್ಟಿಯನ್ನು ತುಸುವೇ ಕ್ಯಾಸೆಟ್ ಕಡೆಗೆ ಬಾಗಿಸಿದರೆ ಸಾಕು. ಇದನ್ನು ಎಷ್ಟೋ ಜನ ನೋಡುವುದೇ ಇಲ್ಲ. ಇದೂ ಅಲ್ಲವಾದರೆ ಉಳಿದದ್ದು ಒಳಗಿನ ಫ್ಲೆಕ್ಸ್ (ಬಾಗುವ ತೆಳು ಸರ್ಕ್ಯೂಟ್ ಪಟ್ಟಿ) ಅಥವಾ ಬೆಸುಗೆ. ಫ್ಲ್ಯಾಶ್ ಇರುವ ಕ್ಯಾಮೆರಾ ಬಿಚ್ಚಿದರೆ ಅದರ ಕೆಪಾಸಿಟರ್‌ನಲ್ಲಿ ಸುಮಾರು 300 ವೋಲ್ಟ್ ನಿಂತಿರುತ್ತದೆ, ಬ್ಯಾಟರಿ ತೆಗೆದ ಮೇಲೂ. ಅಭ್ಯಾಸವಿಲ್ಲದವರು ಅಲ್ಲಿಗೆ ಕೈ ಹಾಕಬಾರದು.

ಐಎಸ್‌ಒ ಕೈಯಿಂದ ಹೊಂದಿಸಬಲ್ಲ ಕ್ಯಾಮೆರಾ ಆದರೆ ದುರಸ್ತಿಯಾಗುವವರೆಗೆ ಹಾಗೇ ಬಳಸಬಹುದು. ಆ ಸೌಲಭ್ಯ ಇಲ್ಲದ ಪುಟ್ಟ ಕ್ಯಾಮೆರಾಗಳಲ್ಲಿ ಕ್ಯಾಸೆಟ್‌ನ ಕೋಡನ್ನೇ ಬದಲಿಸುತ್ತೇನೆ. 400 ಅನ್ನು 200 ಎಂದು ಓದಿಸಲು 2 ಮತ್ತು 3ನೇ ಚೌಕಗಳ ಬಣ್ಣವನ್ನು ಬ್ಲೇಡಿನಿಂದ ಕೆರೆದು, 4ನೆಯದರ ಮೇಲೆ ಇನ್ಸುಲೇಷನ್ ಟೇಪ್ ಅಂಟಿಸಿದರಾಯಿತು. ಟೇಪಿನ ಅಂಚನ್ನು ಉಗುರಿನಿಂದ ಚೆನ್ನಾಗಿ ಒತ್ತಿ. ಎದ್ದ ಅಂಚು ಕ್ಯಾಸೆಟ್ ತೆಗೆಯುವಾಗ ಪಿನ್ನಿಗೆ ಸಿಕ್ಕಿಕೊಂಡು ಅದನ್ನು ಬಾಗಿಸಬಲ್ಲದು.