330 ಮೈಲಿಯಲ್ಲಿ ನನ್ನ ಕಾಲಿಗೆ ಸಿಕ್ಕಿದ್ದು

ಅಮೆರಿಕದ ಶಾರ್ಲೆಟ್‌ಗೆ ಬಂದು ನಾಲ್ಕು ವರ್ಷ ಹೆದ್ದಾರಿಯಲ್ಲಿ ‘ಓವರ್‌ಮೌಂಟನ್ ವಿಕ್ಟರಿ’ ಎಂಬ ಕಂದು ಬೋರ್ಡು ನೋಡಿಯೂ ಸುಮ್ಮನಿದ್ದೆ. ಅದು 1780ರಲ್ಲಿ ಒಂದು ದಂಡು ಸಾಗಿದ ಹಾದಿ, ನಡೆಯುವ ದಾರಿಯೂ ಹೌದೆಂದು ಗೊತ್ತಾದದ್ದು ಆಮೇಲೆ. ಹಾಗಂತ ಚೀಲ ಏರಿಸಿ ಈ ತುದಿಯಿಂದ ಆ ತುದಿಗೆ ಹೊರಡುವಂತಿಲ್ಲ. ವರ್ಜೀನಿಯಾದಿಂದ ದಕ್ಷಿಣ ಕೆರೊಲಿನಾವರೆಗಿನ 330 ಮೈಲಿಯಲ್ಲಿ ಬಹುಪಾಲು ಈಗ ಟಾರು ರಸ್ತೆ, ಇಲ್ಲವೇ ಯಾರದೋ ಜಮೀನು. ಕಾಲಿಗೆ ಸಿಗುವುದು ತುಂಡು ತುಂಡು. ನಾನು ಆರಿಸಿಕೊಂಡದ್ದು ದಂಡು ಬೆಟ್ಟ ದಾಟಿದ ತುಂಡು.

ಅಮೆರಿಕ ಬ್ರಿಟನ್ನಿನ ವಿರುದ್ಧ ಸ್ವಾತಂತ್ರ್ಯಕ್ಕಾಗಿ ಕಾದಾಡುತ್ತಿದ್ದ ಕಾಲ. 1780ರಲ್ಲಿ ಬ್ರಿಟಿಷ್ ಮೇಜರ್ ಪ್ಯಾಟ್ರಿಕ್ ಫರ್ಗುಸನ್, ತಂಟೆ ನಿಲ್ಲಿಸದಿದ್ದರೆ ಬೆಟ್ಟ ದಾಟಿ ಬಂದು ನಿಮ್ಮ ನಾಡು ಸುಡುತ್ತೇನೆ ಎಂದು ಹೇಳಿಕಳಿಸಿದ. ಬೆಟ್ಟದಾಚೆಯ ಸಾಗುವಳಿದಾರರು ಅವನು ಬರಲೆಂದು ಕಾಯಲಿಲ್ಲ. ಸೆಪ್ಟೆಂಬರ್ 25ಕ್ಕೆ ಈಗಿನ ಟೆನ್ನೆಸಿಯ ಸಿಕಮೋರ್ ಶೋಲ್ಸ್‌ನಲ್ಲಿ ಸೇರಿ ಮರುದಿನ ತಾವೇ ಹೊರಟರು. ಸಮವಸ್ತ್ರವಿಲ್ಲ, ಬಂದೂಕು, ಕುದುರೆ ಅವರವರದೇ.

ನಾವು ಗಂಡ ಹೆಂಡತಿ ಹೋದದ್ದೂ ಸೆಪ್ಟೆಂಬರ್ ಕೊನೆಯಲ್ಲಿ, ಟೆನ್ನೆಸಿಯ ಹ್ಯಾಂಪ್ಟನ್ ಕ್ರೀಕ್ ಕೋವ್‌ಗೆ. ಕಾರಿಳಿದರೆ ಎದುರಿಗೆ ಬೇಲಿ, ಗೇಟು, ಸಗಣಿ.

“ರೀ, ಕೊಟ್ಟಿಗೆ ತೋರ್ಸಕ್ಕೆ ಇಷ್ಟು ದೂರ ಕರ್ಕೊಂಡ್ ಬಂದ್ರಾ?”

ದನ ಮೇಯುವ ಹುಲ್ಲುಗಾವಲಿನೊಳಗೇ ದಾರಿ. ಗೇಟು ದಾಟಿದ ಮೇಲೆ ಮರೆಯದೆ ಮುಚ್ಚಬೇಕು. ಹಳ್ಳದ ಪಕ್ಕ ಸಲೀಸು. ಕಾಡು ಹೊಕ್ಕ ಮೇಲೆ ಏರು. ಹೋಗಿಬರಲು ಏಳು ಮೈಲಿ ಹತ್ತಿರ.

ಕೆಳಗಿನ ಸೆಖೆ ನಂಬಿ ನಾನು ಹತ್ತಿ ಟೀ ಶರ್ಟಿನಲ್ಲೇ ಹೊರಟಿದ್ದೆ. 4,600 ಅಡಿ ಮೇಲಿನ ಯೆಲ್ಲೋ ಮೌಂಟನ್ ಗ್ಯಾಪ್ ಎಂಬ ಕಣಿವೆದಾರಿ ತಲುಪಿದ್ದೇ ತಡ, ಗಾಳಿಗೆ ಬೆವರಿನ ಬಟ್ಟೆ ತಣ್ಣಗೆ ಬೆನ್ನಿಗೆ ಅಂಟಿತು. ಚಿತ್ರಾನ್ನದ ಡಬ್ಬಿ ಬಿಚ್ಚಲು ಬೆರಳು ಬಗ್ಗಲಿಲ್ಲ. ಅಂದು ಇಲ್ಲಿ ಬೂಟು ಮುಳುಗುವಷ್ಟು ಹಿಮವಿತ್ತು ಎಂದು ದಂಡಿನಲ್ಲಿದ್ದವನೊಬ್ಬ ಬರೆದಿಟ್ಟಿದ್ದಾನೆ. ಇಬ್ಬರು ಇಲ್ಲಿಂದಲೇ ತಪ್ಪಿಸಿಕೊಂಡು ಫರ್ಗುಸನ್‌ಗೆ ಸುದ್ದಿ ಮುಟ್ಟಿಸಲು ಓಡಿದರು. ಆ ಹೊತ್ತಿಗೆ ನನಗೆ ಅವರ ಮೇಲೆ ಸಿಟ್ಟೇನೂ ಬರಲಿಲ್ಲ.

ಇಲ್ಲಿ ಅಪಲಾಚಿಯನ್ ಟ್ರೇಲ್ ಎಂಬ ಇನ್ನೊಂದು ಉದ್ದದ ಕಾಲುದಾರಿ ಅಡ್ಡ ಬರುತ್ತದೆ. ಮರದ ಮೇಲೆ ಬಿಳಿ ಪಟ್ಟಿ ಕಂಡರೆ ಅದೇ. ಇಳಿಯುವಾಗ ನಾವು ದಾರಿ ತಪ್ಪಿ ಆ ಪಟ್ಟಿ ಹಿಡಿದು ಕಾಲು ಗಂಟೆ ಸುಮ್ಮನೆ ನಡೆದೆವು. ಇದು ಹೆಲೀನ್ ಚಂಡಮಾರುತಕ್ಕೆ ಮುಂಚಿನ ಮಾತು; 2024ರಲ್ಲಿ ಅದು ಈ ಬೆಟ್ಟಗಳನ್ನು ಜಾಲಾಡಿದೆ. ದಾರಿ ತೆರೆದಿದೆಯೇ ಎಂದು ವಿಚಾರಿಸಿಕೊಂಡೇ ಹೊರಡಿ.

ಅಕ್ಟೋಬರ್ 7, ದಂಡು ಫರ್ಗುಸನ್‌ನನ್ನು ಎದುರಿಸಿದ ಕಾಳಗದ ದಿನ, ಅದು ನಡೆದ ದಕ್ಷಿಣ ಕೆರೊಲಿನಾದ ಕಿಂಗ್ಸ್ ಮೌಂಟನ್‌ಗೆ ಹೋದೆವು. ಒಂದೂವರೆ ಮೈಲಿಯ ಸುತ್ತು, ವಯಸ್ಸಾದವರೂ ನಿಧಾನಕ್ಕೆ ನಡೆಯಬಹುದು. ಗುಡ್ಡದ ಮೇಲಿದ್ದ ಫರ್ಗುಸನ್ ಪಡೆಯನ್ನು ಮರಗಳ ಮರೆಯಿಂದ ಸುತ್ತುಗಟ್ಟಿ ಸುಮಾರು ಒಂದು ಗಂಟೆಯಲ್ಲಿ ಮುಗಿಸಿದರು. ಅವನ ಕಡೆ ಕಾದಾಡಿದವರೂ ಅಮೆರಿಕದವರೇ, ರಾಜನ ಪರ ನಿಂತವರು. ಇದು ನನಗೆ ಗೊತ್ತೇ ಇರಲಿಲ್ಲ.

ನಮ್ಮಲ್ಲಾಗಿದ್ದರೆ ವೀರಗಲ್ಲು ನೆಡುತ್ತಿದ್ದರೇನೋ. ಇಲ್ಲಿ ಫರ್ಗುಸನ್ ಸಮಾಧಿಯ ಮೇಲೆ ಸ್ಕಾಟ್ಲೆಂಡಿನ ರೂಢಿಯ ಕಲ್ಲುಗುಪ್ಪೆ. ನನ್ನವಳು ಒಂದು ಚಿಕ್ಕ ಕಲ್ಲಿಟ್ಟಳು. ನಾನು ಅವತ್ತು ಜಾಕೆಟ್ ಮರೆತಿರಲಿಲ್ಲ. ಸುಡುವ ಬಿಸಿಲಲ್ಲಿ ಅದನ್ನು ಹೆಗಲ ಮೇಲೆ ಹೊತ್ತು ಪೂರ್ತಿ ಸುತ್ತು ಹಾಕಿದೆ.