ಉಕ್ಕಿನ ಮೇಲೆ ಕಾರ್ಬನ್ ನಿಂತದ್ದು

ಆ ರಾತ್ರಿ ವ್ಯಾಕ್ಯೂಮ್ ಚೇಂಬರ್ ತೆರೆದಾಗ ಫಿಲ್ಮ್, ಅಂದರೆ ನಾನು ಬೆಳೆಸಿದ ತೆಳು ಪದರ, ಕಪ್ಪಗೆ ಕನ್ನಡಿಯಂತೆ ಹೊಳೆಯುತ್ತಿತ್ತು. ಉಕ್ಕಿನ ತುಂಡಿನ ಮೇಲೆ ವಜ್ರದಂಥ ಕಾರ್ಬನ್, ವಜ್ರವನ್ನು ಹೋಲುವ ಗಟ್ಟಿ ಲೇಪ. ದಪ್ಪ 1 ಮೈಕ್ರಾನ್. ಚಿಮಟದಲ್ಲಿ ಎತ್ತಿ ಬೆಳಕಿಗೆ ಹಿಡಿದೆ. ನೋಡುತ್ತಿದ್ದಂತೆಯೇ ಅಂಚಿನಿಂದ ಅಂಕುಡೊಂಕಾದ ಗೆರೆಯೊಂದು ಹರಿಯಿತು. ಸ್ವಲ್ಪ ಹೊತ್ತಿಗೆ ಇಡೀ ಫಿಲ್ಮ್ ಹಪ್ಪಳದ ಹಾಗೆ ಉಬ್ಬಿ ಚೂರಾಯಿತು. ಜುಲೈ ತಿಂಗಳು, ಹೊರಗೆ ಜಿಟಿಜಿಟಿ ಮಳೆ. ಮಳೆಗೂ ಇದಕ್ಕೂ ಸಂಬಂಧ ಇದೆ ಅಂತ ಆಗ ಹೊಳೆಯಲಿಲ್ಲ.

ನಾನು ಶುರು ಮಾಡಿದ್ದು ಸಿಲಿಕಾನ್‌ನಿಂದ. ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಪಿಎಚ್‌ಡಿಗೆ ಸೇರಿದಾಗ ಸೋಲಾರ್ ಸೆಲ್‌ಗಾಗಿ ಅಮಾರ್ಫಸ್ ಸಿಲಿಕಾನ್ (ಪರಮಾಣುಗಳು ಹರಳಿನಂತೆ ಸಾಲಾಗಿ ಕೂರದ ಸಿಲಿಕಾನ್) ಮಾಡುತ್ತಿದ್ದೆವು. ಸಿಲಿಕಾನ್ ಇರುವ ಸಿಲೇನ್ ಅನಿಲವನ್ನು ಪ್ಲಾಸ್ಮಾದಲ್ಲಿ, ಅಂದರೆ ವಿದ್ಯುತ್ತಿನಿಂದ ಅಯಾನುಗಳಾದ ಅನಿಲದಲ್ಲಿ, ಒಡೆದು, ಸುಮಾರು 250 ಡಿಗ್ರಿ ಬಿಸಿಯ ಗಾಜಿನ ಮೇಲೆ ಕೂರಿಸುವುದು. ಸಿಲೇನ್ ಗಾಳಿ ತಾಗಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ಹಾಗಾಗಿ ಪ್ರತಿ ಜಾಯಿಂಟ್ ಎರಡೆರಡು ಸಲ ನೋಡುವ ಅಭ್ಯಾಸ ಮೊದಲ ತಿಂಗಳಲ್ಲೇ ಬಂತು. ಈ ಸಿಲಿಕಾನ್‌ಗೆ ಒಂದು ದೊಡ್ಡ ಕೊರತೆ ಇದೆ. ಬೆಳಕಿಗೆ ಇಟ್ಟಷ್ಟೂ ಅದರ ಗುಣ ಕುಗ್ಗುತ್ತದೆ. 1977ರಲ್ಲಿ ಸ್ಟೇಬ್ಲರ್ ಮತ್ತು ವ್ರಾನ್ಸ್ಕಿ ಇದನ್ನು ಕಂಡುಹಿಡಿದರು. ಟೆರೇಸಿನ ಬಿಸಿಲಲ್ಲಿಟ್ಟ ನನ್ನ ಸ್ಯಾಂಪಲ್ ಸಂಜೆಗೆ ಬಾಡಿತ್ತು. 150 ಡಿಗ್ರಿಗಿಂತ ಜಾಸ್ತಿ ಕಾಯಿಸಿದಾಗ ಮತ್ತೆ ಸರಿಹೋಯಿತು. ಬಿಸಿಲಿಗಾಗಿಯೇ ಮಾಡಿದ ವಸ್ತು ಬಿಸಿಲಿಗೇ ಸೋಲುತ್ತದಲ್ಲ ಅನ್ನುವ ಸಂಕಟ ಬಹಳ ದಿನ ಇತ್ತು.

ಆಮೇಲೆ ಕಾರ್ಬನ್‌ಗೆ ಬಂದೆ. ಇಲ್ಲಿ ಸಮಸ್ಯೆಯೇ ಬೇರೆ. ಕಾರ್ಬನ್ ಅಯಾನುಗಳು (ವಿದ್ಯುದಾವೇಶ ಹೊತ್ತ ಕಣಗಳು) ಸುಮಾರು 100 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯಲ್ಲಿ ಬಂದು ಅಪ್ಪಳಿಸಿದಾಗ ಮೇಲ್ಮೈಯ ಒಳಕ್ಕೇ ತೂರಿಕೊಳ್ಳುತ್ತವೆ. ಬೆಳಗ್ಗೆ ಮೆಜೆಸ್ಟಿಕ್ ಬಸ್ಸಿಗೆ ಜನ ನುಗ್ಗುವ ಹಾಗೆ. ಫಿಲ್ಮ್ ಗಟ್ಟಿಯಾಗುವುದು ಆ ಇಕ್ಕಟ್ಟಿನಿಂದಲೇ, ಸಿಡಿದೇಳುವುದೂ ಅದರಿಂದಲೇ. ಒಳಗಿನ ಒತ್ತಡ ಎಷ್ಟಿದೆ ಅಂತ ತಿಳಿಯಲು ತೆಳು ಸಿಲಿಕಾನ್ ಪಟ್ಟಿಯ ಮೇಲೆ ಫಿಲ್ಮ್ ಹಾಕಿ, ಪಟ್ಟಿ ಎಷ್ಟು ಬಾಗಿತು ಅಂತ ಅಳೆಯಬೇಕು. ಇದರ ಸೂತ್ರವನ್ನು ಸ್ಟೋನಿ ಕೊಟ್ಟಿದ್ದು 1909ರಲ್ಲಿ, ನಮ್ಮ ಟಾಟಾ ಇನ್‌ಸ್ಟಿಟ್ಯೂಟ್ (ಈಗಿನ ಭಾರತೀಯ ವಿಜ್ಞಾನ ಸಂಸ್ಥೆ) ಹುಟ್ಟಿದ ವರ್ಷ. ನನ್ನ ಫಿಲ್ಮಿನಲ್ಲಿ 3 ಗಿಗಾಪಾಸ್ಕಲ್ ಬಂತು.

ಒತ್ತಡ ಕಡಿಮೆ ಮಾಡಲು ಅಯಾನುಗಳನ್ನು ಎಳೆಯುವ ಬಯಾಸ್ ವೋಲ್ಟೇಜ್ ಬದಲಿಸಿದೆ, ಅನಿಲದ ಹರಿವು ಬದಲಿಸಿದೆ. ಎಂಟು ತಿಂಗಳು ಹೋಯಿತು. ಒಂದಿನ ಲ್ಯಾಬಿನ ಹಿರಿಯ ಟೆಕ್ನೀಷಿಯನ್ ಹೇಳಿದರು: “ಮೇಡಂ, ಗೋಡೆಗೆ ಸುಣ್ಣ ನಿಲ್ತಿಲ್ಲ ಅಂದ್ರೆ ಸುಣ್ಣನೇ ಎಷ್ಟು ಸಲ ಬದಲಾಯಿಸ್ತೀರಿ? ಗೋಡೆ ನೋಡಿ.”

ಗೋಡೆ ಅಂದರೆ ಉಕ್ಕು. ಕಬ್ಬಿಣ ಕಾರ್ಬನ್ನನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ, ಗ್ರಾಫೈಟ್ ಆಗಲೂ ದಾರಿ ಮಾಡುತ್ತದೆ. ನಡುವೆ ಸರಿಯಾದ ಹಿಡಿತ ಬೆಳೆಯುವುದಿಲ್ಲ. ಸಿಲಿಕಾನ್ ಹಾಗಲ್ಲ. ಕೆಳಗಿನ ಕಬ್ಬಿಣದ ಜೊತೆ ಸಿಲಿಸೈಡ್ ಕಟ್ಟುತ್ತದೆ, ಮೇಲಿನ ಕಾರ್ಬನ್ ಜೊತೆ ಕಾರ್ಬೈಡ್. ನನಗೆ ಚೆನ್ನಾಗಿ ಗೊತ್ತಿದ್ದ ಹಳೆಯ ಅಮಾರ್ಫಸ್ ಸಿಲಿಕಾನೇ ಬೇಕಾಗಿತ್ತು!

ತುಂಡನ್ನು ಅಸಿಟೋನ್‌ನಲ್ಲಿ ತೊಳೆದೆ, ಚೇಂಬರಿನೊಳಗೆ ಆರ್ಗಾನ್ ಪ್ಲಾಸ್ಮಾದಲ್ಲಿ ಮತ್ತೆ ಉಜ್ಜಿಸಿದೆ. ಮೊದಲು 100 ನ್ಯಾನೋಮೀಟರ್ ಸಿಲಿಕಾನ್, ಆಮೇಲೆ ಅಸಿಟಿಲೀನ್ ಬಿಟ್ಟು ಕಾರ್ಬನ್. ನಡುವೆ ವ್ಯಾಕ್ಯೂಮ್ ಮುರಿಯಬಾರದು. ಒಮ್ಮೆ ಕರೆಂಟ್ ಹೋಗಿ ಗಾಳಿ ನುಗ್ಗಿತು, ಸಿಲಿಕಾನ್ ಮೇಲೆ ಆಕ್ಸೈಡ್ ಕೂತಿತು, ಆ ಫಿಲ್ಮ್ ಟೇಪ್ ಅಂಟಿಸಿ ಎಳೆದ ಕೂಡಲೇ ಬಂದುಬಿಟ್ಟಿತು. ಮುಂದಿನದು ಬರಲಿಲ್ಲ. ಮೂರು ಸಲ ಎಳೆದೆ.

ಮರುದಿನ ರಾಮನ್ ಸ್ಪೆಕ್ಟ್ರಮ್ ತೆಗೆದೆ, ಅಂದರೆ ಫಿಲ್ಮಿನಿಂದ ಚದುರಿದ ಬೆಳಕು ನೋಡಿ ಪರಮಾಣುಗಳ ಜೋಡಣೆ ತಿಳಿಯುವ ಪರೀಕ್ಷೆ. ಅದರ ಅಳತೆಪಟ್ಟಿಯಲ್ಲಿ ವಜ್ರದ ಗೆರೆ 1332 cm⁻¹ನಲ್ಲಿ ಸೂಜಿಯಂತೆ ನಿಲ್ಲುತ್ತದೆ. ನನ್ನದು 1550ರ ಸುತ್ತ ಅಗಲವಾದ ಗುಡ್ಡ, ಎಡಕ್ಕೊಂದು ಸಣ್ಣ ಭುಜ. ವಜ್ರದಂಥ ಕಾರ್ಬನ್‌ಗೆ ಹೀಗೇ ಇರಬೇಕು. 1928ರ ಮಾರ್ಚ್ 16ರಂದು ಸಿ. ವಿ. ರಾಮನ್ ಈ ಹೊಸ ಬೆಳಕಿನ ಬಗ್ಗೆ ಉಪನ್ಯಾಸ ಕೊಟ್ಟಿದ್ದು ಬೆಂಗಳೂರಿನಲ್ಲೇ ಅಲ್ವಾ? ಆ ದಿನ ಅದು ನೆನಪಾಗಿ ಕಣ್ಣು ತುಂಬಿತು.

ಮಳೆಯ ಗುಟ್ಟು ಆಮೇಲೆ ಬಿಚ್ಚಿಕೊಂಡಿತು. ಗಾಳಿಯ ತೇವ ಬಿರುಕಿನ ತುದಿಗೆ ನುಗ್ಗಿ ಅಲ್ಲಿನ ಹಿಡಿತ ಸಡಿಲಿಸುತ್ತದೆ. ಒತ್ತಡ ತುಂಬಿದ ಫಿಲ್ಮ್‌ಗೆ ಅಷ್ಟೇ ಸಾಕು. ಈಗ ನನ್ನ ಲ್ಯಾಬಿನ ಲಾಗ್ ಪುಸ್ತಕದಲ್ಲಿ ಅನಿಲದ ಒತ್ತಡ, ಉಷ್ಣಾಂಶ, ಹರಿವಿನ ಪಕ್ಕದಲ್ಲಿ ಇನ್ನೊಂದು ಕಾಲಂ ಇದೆ: ಚೇಂಬರ್ ತೆರೆದ ಹೊತ್ತಿನ ತೇವಾಂಶ.