ತಾರೀಖು ಬಿಟ್ಟೆವು, ಗೆರೆ ಹಿಡಿದೆವು: ನಮ್ಮ ಕೆರೆಯ ಲೆಕ್ಕ

ಅಚ್ಚುಕಟ್ಟುದಾರರೇ, ಅಂದರೆ ಕೆರೆ ನೀರಲ್ಲಿ ಬೆಳೆ ಇಡುವ ರೈತರೇ ಒಪ್ಪಿ, ಗದ್ದೆಗೆ ನೀರು ಬಿಡುವ ತೂಬು ಮುಚ್ಚುತ್ತಾರೆ ಅಂದಾಗ ನಕ್ಕವರೇ ಜಾಸ್ತಿ. "ಬೀಗ ಹಾಕಿದ ರಾತ್ರೀನೇ ಒಡೀತಾರೆ ಬಿಡಣ್ಣ" ಅಂದವರು ಈಗ ತಮ್ಮೂರಿನ ಕೆರೆ ಸಂಘದವರನ್ನು ಕರೆತಂದು ನಮ್ಮ ಲೆಕ್ಕದ ಪುಸ್ತಕ ತಿರುವಿ ನೋಡುತ್ತಾರೆ. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ.

ಹಿಂದೆಲ್ಲ ಹಸ್ತ, ಚಿತ್ತಾ ಮಳೆ ಮುಗಿದ ಮೇಲೆ ಸಭೆ ಸೇರಿ ತೂಬು ಎತ್ತುವ ದಿನ ಗೊತ್ತು ಮಾಡುತ್ತಿದ್ದರು. ಈಗ ಮಳೆ ಆ ಲೆಕ್ಕಕ್ಕೆ ಸಿಗುವುದಿಲ್ಲ. 2021ರಲ್ಲಿ ನವೆಂಬರ್ ಬಂದ ಮೇಲೆ ಸುರಿದ ಮಳೆಗೆ ಕೋಲಾರ ಸೀಮೆಯ ಕೆರೆಗಳು ಕೋಡಿ ಬಿದ್ದವು. 2023ರಲ್ಲಿ ನೋಡಿದರೆ ರಾಜ್ಯದ 223 ತಾಲೂಕು ಬರಪೀಡಿತ. ಎರಡೂ ವರ್ಷಕ್ಕೆ ಒಂದೇ ತಾರೀಖು ಹೊಂದುತ್ತಾ?

ತೂಬಿನ ಕಲ್ಲಿಗೆ ಎರಡು ಗೆರೆ ಬಳಿದೆವು. ನೀರು ಹಸಿರು ಗೆರೆ ದಾಟಿದ್ದರೆ ಭತ್ತ. ಹಸಿರು, ಕೆಂಪಿನ ನಡುವೆ ಇದ್ದರೆ ರಾಗಿ ಮಾತ್ರ. ಭತ್ತ ಕುಡಿಯುವ ನೀರಲ್ಲಿ ಹೆಚ್ಚುಕಮ್ಮಿ ಮೂರು ಪಟ್ಟು ನೆಲದಲ್ಲಿ ರಾಗಿ ಬರುತ್ತೆ. ಕೆಂಪಿಗಿಂತ ಕೆಳಗಿದ್ದರೆ ತೂಬಿಗೆ ಬೀಗ, ನೀರೆಲ್ಲ ದನಕರುಗಳಿಗೆ ಮತ್ತು ಬೋರ್‌ವೆಲ್ ಮರುಪೂರಣಕ್ಕೆ. ಕೆಂಪು ಗೆರೆ ಎಲ್ಲಿರಬೇಕು ಅನ್ನುವುದಕ್ಕೇ ವರ್ಷಗಟ್ಟಲೆ ಜಗಳ ಆಯಿತು. ಕಲ್ಲಿನ ಅಳತೆ ನಂಬಿದರೆ ಆಗುವುದಿಲ್ಲ, ಕೆರೆ ಅಂಗಳದಲ್ಲಿ ಗೋಡು (ಹೂಳು) ಎಷ್ಟು ಕೂತಿದೆ ಅನ್ನೋದೂ ಸೇರಬೇಕು. ನಾವು ಹೇಗೆ ಗೊತ್ತು ಮಾಡಿದೆವು ಅನ್ನುವುದನ್ನು ಬಂದು ನೋಡಿದವರಿಗೆ ಹೇಳುತ್ತೇನೆ, ಬರೆಯುವುದಿಲ್ಲ.

ಗೆರೆ ಎಳೆಯೋದು ಸುಲಭ, ದುಡ್ಡಿನದೇ ಕಷ್ಟ. ಯಾವುದೋ ಯೋಜನೆಯಲ್ಲಿ ಹುಟ್ಟಿದ ಹಳೇ ಸಂಘ ಅನುದಾನ ನಿಂತ ವರ್ಷವೇ ಮಲಗಿತ್ತು. ಮನೆಗಿಷ್ಟು ವಂತಿಗೆ ಅಂದೆವು, ಮೊದಲ ವರ್ಷ ಮುಕ್ಕಾಲು ಮಂದಿ ಕೊಟ್ಟರು, ಆಮೇಲೆ ತೂಬು ನೋಡಿಕೊಳ್ಳುವ ನೀರುಗಂಟಿಯ ಸಂಬಳಕ್ಕೂ ಸಾಲಲಿಲ್ಲ. ದಂಡ ಹಾಕಿದೆವು. ದಂಡ ಕಟ್ಟಬೇಕಾದವರು ಚುನಾವಣೆಗೆ ನಿಂತಿದ್ದರು, ಸುಮ್ನೆ ಮುಖ ಕೆಟ್ಟಿತು ಅಷ್ಟೆ.

ಕೊನೆಗೆ ಕೈ ಹಿಡಿದದ್ದು ಬೋರ್‌ವೆಲ್ ಲೆಕ್ಕ. ತೂಬು ಮುಚ್ಚಿದರೆ ಲಾಭ ಯಾರಿಗೆ? ಕೆರೆ ಸುತ್ತ ಬೋರ್ ಇರುವವರಿಗೆ. ಅವರು ಕೊಡಲಿ, ಅಚ್ಚುಕಟ್ಟಲ್ಲಿ ಬೆಳೆ ಬಿಟ್ಟವರು ತೆಗೆದುಕೊಳ್ಳಲಿ. ಬೋರ್‌ಗೆ ವರ್ಷಕ್ಕೆ ಎರಡು ಸಾವಿರ, ನಲವತ್ತರ ಹತ್ತಿರ ಬೋರ್‌ಗಳು. ಒಂದಿಬ್ಬರು ಕೈಯೆತ್ತಿದರೂ ಎಪ್ಪತ್ತು ಸಾವಿರಕ್ಕೆ ಮೋಸವಿಲ್ಲ. ಬಿಟ್ಟ ಎಕರೆಗೆ ಎಂಟುನೂರರಂತೆ ಹಂಚಿ ಉಳಿದದ್ದು ನೀರುಗಂಟಿಗೆ. ಎಂಟುನೂರು ಯಾವ ಮೂಲೆಗೆ ಅಂತೀರಿ. ಆದರೆ ಅಚ್ಚುಕಟ್ಟುದಾರರಲ್ಲಿ ಅರ್ಧದಷ್ಟು ಜನಕ್ಕೆ ಬೋರ್ ಕೂಡ ಇದೆ. ಅವರು ಕೊಡುವವರೂ ಹೌದು, ಪಡೆಯುವವರೂ ಹೌದು. ಸಭೆಯಲ್ಲಿ ಮೊದಲು ಯಾರನ್ನು ಮಾತಾಡಿಸಬೇಕು ಅನ್ನೋದು ಇಷ್ಟರಲ್ಲೇ ನಿಮಗೆ ಹೊಳೆದಿರಬೇಕು. ಬರದ ವರ್ಷ ಬೇಸಿಗೆ ಕೊನೆಯವರೆಗೂ ನಮ್ಮ ಬೋರ್‌ಗಳಲ್ಲಿ ಬಹುಪಾಲು ನೀರು ಎತ್ತಿದವು. ಪಕ್ಕದೂರಲ್ಲಿ ಟ್ಯಾಂಕರ್ ಓಡುತ್ತಿತ್ತು.

ಗೋಡು ಎತ್ತುವ ವಿಷಯ ಎಲ್ಲರಿಗೂ ಗೊತ್ತಿರುವುದೇ. ಜೆಸಿಬಿ ಬಾಡಿಗೆ ಸಂಘದ್ದು, ಟ್ರ್ಯಾಕ್ಟರ್ ರೈತರದ್ದು. ಏರಿ ಬುಡ ಕೆದಕಬೇಡಿ, ಅಡಿಯ ಜೇಡಿ ಪದರ ಒಡೆಯಬೇಡಿ, ಒಡೆದರೆ ನೀರು ನಿಲ್ಲುವುದಿಲ್ಲ.

ನಡುವೆ ಒಂದು ಹುಚ್ಚು. ಕೆರೆಗೆ ನೀರು ತರುವ ರಾಜಕಾಲುವೆ ಬಾಯಲ್ಲಿ ಅಡ್ಡಸಾಲಾಗಿ ಲಾವಂಚದ ಹುಲ್ಲು ನೆಟ್ಟೆ, ಗೋಡು ಅಲ್ಲೇ ತಡೆಯಲಿ ಅಂತ. ಮೇಲಿನ ಸಾಲು ಬೇರು ಬಿಡುವ ಮೊದಲೇ ಒಂದು ದೊಡ್ಡ ಮಳೆಗೆ ಕೊಚ್ಚಿಹೋಯಿತು. ಕೆಳಗಿನದು ಉಳಿದು, ಅದರ ಹಿಂದೆ ಮೊಣಕಾಲುದ್ದ ಮಣ್ಣು ಕೂತಿದೆ. ಸೀಮೆ ಜಾಲಿ ಕಿತ್ತ ಜಾಗದಲ್ಲಿ ಹೊಂಗೆ ಹಾಕಿದ್ದೇವೆ, ಅದರ ಲೆಕ್ಕ ಇನ್ನೂ ಹೇಳುವಂತಿಲ್ಲ.

ಈಗಿನ ತಕರಾರು ಮೀನಿನದು. ಗುತ್ತಿಗೆ ಹಿಡಿದವರಿಗೆ ಬೇಸಿಗೆಯಲ್ಲಿ ನೀರು ಇಳಿದಷ್ಟೂ ಬಲೆ ಸುಲಭ. ರಾತ್ರಿ ತೂಬು ಸಡಿಲಿಸುತ್ತಿದ್ದರು. ಈ ಸಲ ಹರಾಜಿನ ಷರತ್ತಿನಲ್ಲೇ ಕೆಂಪು ಗೆರೆ ಬರೆಸಿದೆವು. ಬಿಡ್ ಸುಮಾರು ಕಾಲು ಭಾಗ ಇಳಿಯಿತು. ಪಂಚಾಯಿತಿಗೆ ಇನ್ನೂ ಬೇಜಾರಿದೆ. ಬೋರ್‌ನವರು ಮಾತ್ರ ಆ ವ್ಯತ್ಯಾಸ ನಾವೇ ತುಂಬಿಕೊಡ್ತೀವಿ ಅಂತ ಮುಂದೆ ಬಂದಿದ್ದಾರೆ.